ಮರೆವಿನ ಕಾಯಿಲೆ, ಮೆದುಳಿನ ಸ್ಕ್ಯಾನ್ ಮತ್ತು ಎರಡು ಭಾಷೆಯ ನಾವು



ಪ್ರತಿ ವರ್ಷ ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನ. ಆ ವಾರ ಪತ್ರಿಕೆಗಳಲ್ಲಿ ಮೆದುಳಿನ ಬಣ್ಣದ ಚಿತ್ರಗಳು ಬರುತ್ತವೆ. ಎಡಗಡೆ ತುಂಬಿಕೊಂಡ ಮೆದುಳು, ಬಲಗಡೆ ಒಣಗಿದ ಅಕ್ರೋಟಿನಂತೆ ಸುಕ್ಕುಗಟ್ಟಿದ ಮೆದುಳು. ಅದನ್ನು ನೋಡಿದವರು ಮನೆಯ ಹಿರಿಯರ ಸ್ಕ್ಯಾನ್ ರಿಪೋರ್ಟನ್ನು ಬೀರುವಿನಿಂದ ತೆಗೆದು ಓದಲು ಕೂರುತ್ತಾರೆ. ಅರ್ಥವಾಗದಿದ್ದರೆ ನನಗೆ ಫೋನು. ಮೂವತ್ತು ಚಿಲ್ಲರೆ ವರ್ಷ ಗುಮಾಸ್ತಗಿರಿ ಮಾಡಿ ಇಂಗ್ಲಿಷ್ ಕಾಗದ ಓದಿದವನು, ಇದನ್ನೂ ಓದಿ ಹೇಳುತ್ತಾನೆ ಎಂಬ ನಂಬಿಕೆ. ಸೋಮನೂರು, ಪಲ್ಲಡಂ, ಅವಿನಾಶಿ ಕಡೆಯಿಂದಲೂ ಇಂಥ ರಿಪೋರ್ಟುಗಳು ಬಂದಿವೆ. ನಾನು ವೈದ್ಯನಲ್ಲ, ಆ ರಿಪೋರ್ಟಿನ ಮೇಲೆ ಅಭಿಪ್ರಾಯ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಸ್ಕ್ಯಾನುಗಳ ಬಗ್ಗೆ ಇತ್ತೀಚೆಗೆ ಹೊರಬಂದಿರುವ ವಿಷಯಗಳಲ್ಲಿ ಕೆಲವು ನಮ್ಮಂಥ ಗಡಿನಾಡಿನವರಿಗೇ ಬರೆದಂತಿವೆ. ಅವನ್ನು ಎಲ್ಲರ ಮುಂದಿಡುವುದು ನನ್ನ ಕೆಲಸ.

ಮೊದಲು ಒಂದು ಲೆಕ್ಕ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಡಿಮೆನ್ಷಿಯಾ ಎಂದರೆ ದಿನದ ಬದುಕಿಗೆ ಅಡ್ಡಿಯಾಗುವಷ್ಟು ಬುದ್ಧಿ ಕುಂದುವುದು. ಅದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ದೊಡ್ಡದು ಆಲ್ಝೈಮರ್. 1906ರಲ್ಲಿ ಜರ್ಮನಿಯ ಡಾಕ್ಟರ್ ಆಲೊಯಿಸ್ ಆಲ್ಝೈಮರ್ ತಮ್ಮ ರೋಗಿ ತೀರಿಕೊಂಡ ಮೇಲೆ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವಿವರಿಸಿದರು. ಆ ಹೆಂಗಸು ಆಸ್ಪತ್ರೆಗೆ ಸೇರಿದಾಗ ವಯಸ್ಸು ಬರೀ 51. ಆ ಕಾಲಕ್ಕೆ ಮೆದುಳು ನೋಡಬೇಕಾದರೆ ಮನುಷ್ಯ ಸಾಯಬೇಕಿತ್ತು. ಈಗ ಅವಿನಾಶಿ ರಸ್ತೆಯಲ್ಲಿ ಬಸ್ ಹತ್ತಿ ಕೊಯಮತ್ತೂರಿಗೆ ಹೋದರೆ ಮಧ್ಯಾಹ್ನದೊಳಗೆ ಫಿಲ್ಮು ಕೈಗೆ ಬರುತ್ತದೆ.

ಆ ಫಿಲ್ಮಿನಲ್ಲಿ ಕಾಣುವುದು ಏನು? ಸಿ.ಟಿ., ಎಂ.ಆರ್.ಐ. ಎರಡೂ ಮೆದುಳಿನ ಆಕಾರ ತೋರಿಸುತ್ತವೆ, ಎಂ.ಆರ್.ಐ. ಹೆಚ್ಚು ಸ್ಪಷ್ಟವಾಗಿ. ಕಿವಿಯ ಒಳಭಾಗದ ನೇರಕ್ಕೆ, ಮೆದುಳಿನ ಎರಡೂ ಪಕ್ಕದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಸಣ್ಣ ಭಾಗವಿದೆ. ಹೊಸ ವಿಷಯ ನೆನಪಿಗೆ ದಾಖಲಾಗುವುದು ಅದರ ಮೂಲಕ. ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಅದು ಆವಕ ವಿಭಾಗ. ಕಾಗದ ಅಲ್ಲಿ ನೋಂದಾಯಿಸದಿದ್ದರೆ ಯಾವ ಫೈಲಿಗೂ ಸೇರುವುದಿಲ್ಲ. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಈ ಭಾಗ. ಅದಕ್ಕೇ ಅಜ್ಜಿಗೆ ಮದುವೆಯಾದ ವರ್ಷದ ಮಳೆ ನೆನಪಿರುತ್ತದೆ, ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ. ವೈದ್ಯರು ಈ ಕುಗ್ಗುವಿಕೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಆದರೆ ವಯಸ್ಸಾದಂತೆ ಎಲ್ಲರ ಮೆದುಳೂ ಸ್ವಲ್ಪ ಕುಗ್ಗುತ್ತದೆ. 80 ವರ್ಷದವರಿಗೆ ಸಹಜವೆನ್ನಬಹುದಾದ ಅಂಕ 60 ವರ್ಷದವರಿಗೆ ಬಂದರೆ ಚಿಂತೆಯ ವಿಷಯ. 'ವಯೋಸಹಜ ಕುಗ್ಗುವಿಕೆ' ಎಂಬ ಅರ್ಥದ ಒಂದು ಸಾಲು ಎಷ್ಟೋ ಹಿರಿಯರ ರಿಪೋರ್ಟಿನಲ್ಲಿ ಇರುತ್ತದೆ. ಅದನ್ನೇ ಹಿಡಿದು ಅಳುವವರೂ ಇದ್ದಾರೆ, ಅದನ್ನೇ ನಂಬಿ 'ಏನೂ ಇಲ್ಲ' ಎಂದು ಸುಮ್ಮನಾಗುವವರೂ ಇದ್ದಾರೆ. ಎರಡಕ್ಕೂ ಆ ಸಾಲು ಆಧಾರವಾಗುವುದಿಲ್ಲ.

ಹಾಗಾದರೆ ಸ್ಕ್ಯಾನ್ ಯಾಕೆ ಎಂದು ಕೇಳುವಿರಿ. ಮರೆವು ಬಂದವರಿಗೆಲ್ಲ ಆಲ್ಝೈಮರ್ ಅಲ್ಲ. ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರಬಹುದು, ನೀರು ತುಂಬಿಕೊಂಡಿರಬಹುದು, ಗಡ್ಡೆ ಇರಬಹುದು, ಗೊತ್ತಾಗದ ಹಾಗೆ ಸಣ್ಣ ಸಣ್ಣ ಪಾರ್ಶ್ವವಾಯು ಆಗಿರಬಹುದು. ಇವನ್ನು ಸ್ಕ್ಯಾನ್ ಹಿಡಿಯುತ್ತದೆ, ಕೆಲವಕ್ಕೆ ಚಿಕಿತ್ಸೆಯೂ ಇದೆ. ಥೈರಾಯ್ಡ್, ಬಿ12 ಕೊರತೆ ರಕ್ತ ಪರೀಕ್ಷೆಯಲ್ಲಿ ಸಿಗುತ್ತವೆ. ಇಷ್ಟಕ್ಕಾದರೂ ಒಮ್ಮೆ ತೋರಿಸಲೇಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಆಲ್ಝೈಮರ್ ಇರುವವರೆಲ್ಲರ ಮೆದುಳು ಒಂದೇ ಥರ ಕಾಣುವುದಿಲ್ಲ. ಈ ಕಾಯಿಲೆಯಲ್ಲಿ ಅಮಿಲಾಯ್ಡ್, ಟೌ ಎಂಬ ಎರಡು ಪ್ರೋಟೀನುಗಳು ಮೆದುಳಿನಲ್ಲಿ ಶೇಖರವಾಗುತ್ತವೆ. ಪೆಟ್ ಎಂಬ ಸ್ಕ್ಯಾನಿನಲ್ಲಿ ಬದುಕಿರುವವರ ಮೆದುಳಿನಲ್ಲೇ ಇವನ್ನು ನೋಡಬಹುದು. 2021ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸಾವಿರಕ್ಕೂ ಹೆಚ್ಚು ಜನರ ಟೌ ಚಿತ್ರಗಳನ್ನು ಹೋಲಿಸಿ, ಅದು ಹರಡುವ ದಾರಿ ನಾಲ್ಕು ಬಗೆ ಎಂದು ತೋರಿಸಿತು. ಒಂದು ಬಗೆಯಲ್ಲಿ ನೆನಪಿನ ಭಾಗ ಮೊದಲು ಹೋಗುತ್ತದೆ. ಇದೇ ಎಲ್ಲರಿಗೂ ಗೊತ್ತಿರುವ ಬಗೆ, ಆದರೆ ಅಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ. ಇನ್ನೊಂದರಲ್ಲಿ ಹಿಪ್ಪೊಕ್ಯಾಂಪಸ್ ಬಹುಮಟ್ಟಿಗೆ ಉಳಿದು ಬೇರೆ ಭಾಗಗಳು ಕೆಡುತ್ತವೆ. ಇದು ಸಣ್ಣ ವಯಸ್ಸಿನಲ್ಲೇ ಕಾಯಿಲೆ ಬಂದವರಲ್ಲಿ ಹೆಚ್ಚು. ಮೂರನೆಯದರಲ್ಲಿ ಹಿಂಭಾಗ, ಅಂದರೆ ನೋಡಿದ್ದನ್ನು ಗ್ರಹಿಸುವ ಭಾಗ ಮೊದಲು. ಅಂಥವರ ಕಣ್ಣು ಸರಿಯಿದ್ದರೂ ಮೆಟ್ಟಿಲು ಅಂದಾಜಿಗೆ ಸಿಗುವುದಿಲ್ಲ, ಎದುರಿಗಿರುವ ಲೋಟ ಕಾಣುವುದಿಲ್ಲ, ಕನ್ನಡಕ ಬದಲಾಯಿಸುತ್ತಾ ವರ್ಷ ಕಳೆಯುತ್ತದೆ. ನಾಲ್ಕನೆಯದು ಹೆಚ್ಚಾಗಿ ಮೆದುಳಿನ ಒಂದೇ ಪಕ್ಕವನ್ನು ಹಿಡಿದು ಮಾತನ್ನು ಕೆಡಿಸುತ್ತದೆ. ಹೆಸರು ಬಾಯಿಗೆ ಬರುವುದಿಲ್ಲ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. 'ಅಪ್ಪನಿಗೆ ನೆನಪೆಲ್ಲ ಚೆನ್ನಾಗಿದೆ, ಆದ್ದರಿಂದ ಅದು ಆಲ್ಝೈಮರ್ ಅಲ್ಲ' ಎಂದು ಮನೆಯಲ್ಲೇ ತೀರ್ಪು ಕೊಡುವವರು ಇದನ್ನು ಗಮನಿಸಬೇಕು.

ಇದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಮೆದುಳು ಎಷ್ಟು ಕೆಟ್ಟಿದೆ ಎಂಬುದಕ್ಕೂ ಮನುಷ್ಯ ಎಷ್ಟು ಕುಂದಿದ್ದಾನೆ ಎಂಬುದಕ್ಕೂ ಲೆಕ್ಕ ತಾಳೆಯಾಗುವುದಿಲ್ಲ. ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರ ಮೇಲೆ ದೀರ್ಘಕಾಲ ನಡೆದ ಅಧ್ಯಯನವೊಂದಿದೆ. ಅವರು ಸತ್ತ ಮೇಲೆ ಮೆದುಳನ್ನು ಪರೀಕ್ಷೆಗೆ ಕೊಡಲು ಒಪ್ಪಿದ್ದರು. ಕೆಲವರ ಮೆದುಳಿನಲ್ಲಿ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು. ಆದರೆ ಅದೇ ಸನ್ಯಾಸಿನಿಯರು ಕೊನೆಯವರೆಗೆ ಚುರುಕಾಗಿದ್ದರು. ವಿಜ್ಞಾನಿಗಳು ಇದಕ್ಕೆ ಬುದ್ಧಿಯ ಮೀಸಲು ಎನ್ನುತ್ತಾರೆ. ನಮ್ಮ ಪಿ.ಎಫ್. ಇದ್ದ ಹಾಗೆ. ದುಡಿಯುವ ಕಾಲದಲ್ಲಿ ಸಣ್ಣಸಣ್ಣದಾಗಿ ಜಮೆಯಾದದ್ದು ಸಂಬಳ ನಿಂತ ಮೇಲೆ ಸ್ವಲ್ಪ ಕಾಲ ಮನೆ ನಡೆಸುತ್ತದೆ. ಓದು, ಬುದ್ಧಿಗೆ ಕೆಲಸ ಕೊಡುವ ಕಸುಬು, ಜನರೊಡನೆ ಬೆರೆಯುವುದು ಈ ಖಾತೆಗೆ ಜಮೆ ಎಂದು ತಿಳಿದಿದ್ದಾರೆ. ಎರಡು ಭಾಷೆ ಆಡುವುದು ಕೂಡ ಜಮೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಇಟಲಿಯ ಉತ್ತರದ ಅಂಚಿನಲ್ಲಿ ದಕ್ಷಿಣ ಟಿರೋಲ್ ಎಂಬ ಪ್ರದೇಶವಿದೆ. ಮೊದಲ ಮಹಾಯುದ್ಧದ ತನಕ ಅದು ಆಸ್ಟ್ರಿಯಾಕ್ಕೆ ಸೇರಿತ್ತು. ಯುದ್ಧ ಮುಗಿದ ಮೇಲೆ ಗಡಿ ಸರಿದು ಇಟಲಿಗೆ ಸೇರಿತು. ಜನ ಇದ್ದಲ್ಲೇ ಇದ್ದರು. ಮನೆಯಲ್ಲಿ ಜರ್ಮನ್, ಕಚೇರಿಯಲ್ಲಿ ಇಟಾಲಿಯನ್. ಎಲ್ಲೋ ಕೇಳಿದ ಕಥೆ ಅನ್ನಿಸುತ್ತದೆಯಲ್ಲವೇ? 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ನಮ್ಮ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಂದು ಅದು ಮೈಸೂರಿಗೆ ಹೋಯಿತು, ತಾಳವಾಡಿ ಇತ್ತಲೇ ಉಳಿಯಿತು. ಕರುಮತ್ತಂಪಟ್ಟಿ, ಸೋಮನೂರಿನ ದೇವಾಂಗ ನೇಕಾರ ಮನೆಗಳ ಕನ್ನಡವಾದರೋ ಈ ಗಡಿರೇಖೆಗಳಿಗಿಂತ ಎಷ್ಟೋ ತಲೆಮಾರು ಹಳೆಯದು. ಮಗ್ಗದ ಮುಂದೆ ಕನ್ನಡ, ಅಂಗಡಿಯಲ್ಲಿ ತಮಿಳು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12.8 ಲಕ್ಷ. ಅವರಲ್ಲಿ ಒಂದೇ ಭಾಷೆಯಲ್ಲಿ ದಿನ ಕಳೆಯುವವರು ಯಾರಾದರೂ ಇದ್ದರೆ ನನಗೆ ತಿಳಿಸಿ, ಸನ್ಮಾನ ಮಾಡೋಣ.

ಇಟಲಿಯಲ್ಲಿ ಆಲ್ಝೈಮರ್ ಬಂದ 85 ಮಂದಿಗೆ ಪೆಟ್ ಸ್ಕ್ಯಾನ್ ಮಾಡಿದರು. 45 ಮಂದಿ ಜರ್ಮನ್-ಇಟಾಲಿಯನ್ ಎರಡನ್ನೂ ಆಡುವವರು, 40 ಮಂದಿ ಒಂದೇ ಭಾಷೆಯವರು. ಮೆದುಳಿನ ಯಾವ ಭಾಗ ಎಷ್ಟು ಸಕ್ಕರೆ ಉರಿಸುತ್ತಿದೆ ಎಂದು ಆ ಸ್ಕ್ಯಾನ್ ಅಳೆಯುತ್ತದೆ. ಎಂದರೆ ಎಷ್ಟು ಕೆಲಸ ಮಾಡುತ್ತಿದೆ ಎಂಬ ಲೆಕ್ಕ. 2017ರಲ್ಲಿ ಫಲಿತಾಂಶ ಬಂತು. ಎರಡು ಭಾಷೆಯವರ ಮೆದುಳು ಹೆಚ್ಚು ಕೆಟ್ಟಿತ್ತು. ವಯಸ್ಸಿನಲ್ಲೂ ಅವರು ಸರಾಸರಿ ಐದು ವರ್ಷ ದೊಡ್ಡವರು. ಆದರೂ ನೆನಪಿನ ಪರೀಕ್ಷೆಗಳಲ್ಲಿ ಅವರದೇ ಮೇಲುಗೈ! ಕೆಟ್ಟ ಭಾಗದ ಕೆಲಸವನ್ನು ಉಳಿದ ಭಾಗಗಳು ಒಂದಕ್ಕೊಂದು ಚೆನ್ನಾಗಿ ಜೋಡಿಕೊಂಡು ಮಾಡುತ್ತಿದ್ದವು. ಎರಡೂ ಭಾಷೆಯನ್ನು ಜೀವನವಿಡೀ ಹೆಚ್ಚು ಬಳಸಿದವರಲ್ಲಿ ಇದು ಹೆಚ್ಚು ಕಂಡಿತು. ಶಾಲೆಯಲ್ಲಿ ಕಲಿತು ಬಿಟ್ಟವರಿಗೆ ಇಷ್ಟು ಲಾಭವಿಲ್ಲ.

ನಮ್ಮ ದೇಶದ್ದೇ ಪುರಾವೆಯೂ ಇದೆ. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. ಎರಡು ಭಾಷೆಯವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಓದಿದವರೇ ಎರಡು ಭಾಷೆ ಬಲ್ಲವರು, ಹಾಗಾಗಿ ಇದು ಓದಿನ ಫಲ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಅಕ್ಷರವೇ ಬಾರದವರಲ್ಲೂ ಅಂತರ ಹಾಗೆಯೇ ಕಂಡಿತು. ನಮ್ಮ ಅಜ್ಜಿಯರ ಕಾಲದ ಹೆಂಗಸರಿಗೆ ಇದಕ್ಕಿಂತ ಹತ್ತಿರದ ಮಾತಿಲ್ಲ: ಸಹಿ ಹಾಕಲು ಬಾರದಿದ್ದರೂ ಸಂತೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಜೊತೆಗೆ ಪಕ್ಕದ ಮನೆಯ ತೆಲುಗು ಆಡಿದವರು ಅವರು. (ಮೂರನೆಯ ಭಾಷೆಯಿಂದ ಹೆಚ್ಚುವರಿ ಲಾಭ ಆ ಅಧ್ಯಯನದಲ್ಲಿ ಕಾಣಲಿಲ್ಲ. ನನ್ನ ಹಿಂದಿ ಪರೀಕ್ಷೆಗಳ ಶ್ರಮ ಹೋಯಿತು.) ಪಾರ್ಶ್ವವಾಯು ಆದ 608 ಮಂದಿಯ ಬಗ್ಗೆ ಅದೇ ತಂಡ 2016ರಲ್ಲಿ ಬರೆದದ್ದೂ ಇದೇ ದಿಕ್ಕಿನದು. ಆಮೇಲೂ ಬುದ್ಧಿ ಸರಿಯಾಗಿ ಉಳಿದವರು ಎರಡು ಭಾಷೆಯವರಲ್ಲಿ ನೂರಕ್ಕೆ 40, ಒಂದೇ ಭಾಷೆಯವರಲ್ಲಿ ನೂರಕ್ಕೆ 20. ಡಾ. ಅಲ್ಲಾಡಿಯವರು ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ.

ಇದನ್ನು ಓದಿ ನಮಗೆ ಈ ಕಾಯಿಲೆ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ಆಸ್ಪತ್ರೆಗೆ ಬಂದವರ ದಾಖಲೆ ನೋಡುವುದು ಬೇರೆ, ಕಾಯಿಲೆ ಇಲ್ಲದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವುದು ಬೇರೆ. ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಆಡುವ ವಲಸಿಗರನ್ನು ಹೀಗೆ ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಬಂತು. ಇಂಗ್ಲಿಷೂ ಬಲ್ಲವರು ಆರಂಭದ ಪರೀಕ್ಷೆಗಳಲ್ಲಿ ಮುಂದಿದ್ದರು, ಆದರೆ ಕಾಯಿಲೆ ಬರುವ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಹುಟ್ಟಿನಿಂದ ಎರಡು ಭಾಷೆಯ ನಡುವೆ ಬಾಳುವುದು, ಪರದೇಶಕ್ಕೆ ಹೋಗಿ ಅಲ್ಲಿಯ ಭಾಷೆ ಕಲಿಯುವುದು ಒಂದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅದಿರಲಿ. ಮೀಸಲು ಖಾತೆಗೆ ಇನ್ನೊಂದು ಮುಖವೂ ಇದೆ. ಮೆದುಳು ಒಳಗೆ ಬಹಳ ಕೆಟ್ಟ ಮೇಲೆಯೇ ಹೊರಗೆ ಲಕ್ಷಣ ಕಾಣುತ್ತದೆ ಎಂದಾದರೆ, ನಮ್ಮ ಮನೆಗಳಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಖಾತೆ ಖಾಲಿಯಾದ ಮೇಲೆ ಇಳಿತವೂ ವೇಗವಾಗಿರಬಹುದು. ಮಾತು ಚೆನ್ನಾಗಿ ಆಡುತ್ತಾರೆ ಎಂದು ಸಣ್ಣ ಬದಲಾವಣೆಗಳನ್ನು ಕಡೆಗಣಿಸುವ ಹಾಗಿಲ್ಲ. ಚೀಟಿ ಹಣದ ಲೆಕ್ಕ ತಪ್ಪುವುದು, ದಿನಾ ಹೋಗುವ ದಾರಿಯಲ್ಲಿ ತಬ್ಬಿಬ್ಬಾಗುವುದು, ಅಡುಗೆಗೆ ಎರಡು ಸಲ ಉಪ್ಪು ಬೀಳುವುದು ಅಂಥವು.

ಮತ್ತೊಂದು ಪ್ರಶ್ನೆ: ನಮ್ಮವರ ಮೆದುಳು ಕುಗ್ಗಿದೆ ಎನ್ನುವಾಗ ಯಾರ ಮೆದುಳಿಗೆ ಹೋಲಿಸಿ ಹೇಳುತ್ತಾರೆ? ಅಳತೆಗೋಲುಗಳು ಬಹುತೇಕ ಪಶ್ಚಿಮದ, ಅದರಲ್ಲೂ ಹೆಚ್ಚು ಓದಿದ ಬಿಳಿಯರ ಸ್ಕ್ಯಾನುಗಳಿಂದ ಬಂದವು. 2019ರಲ್ಲಿ ಹೈದರಾಬಾದಿನ ಐ.ಐ.ಐ.ಟಿ.ಯವರು ಮೊದಲ ಭಾರತೀಯ ಮೆದುಳಿನ ನಕ್ಷೆ ತಯಾರಿಸಿದಾಗ, ನಮ್ಮ ಮೆದುಳು ಸರಾಸರಿಯಲ್ಲಿ ಪಾಶ್ಚಾತ್ಯರದಕ್ಕಿಂತ ಸಣ್ಣದು ಎಂದು ಕಂಡಿತು. ಇದರಲ್ಲಿ ಬುದ್ಧಿಯ ಮಾತೇನಿಲ್ಲ, ಚಪ್ಪಲಿ ಸೈಜಿನಂತೆ ಒಂದು ಅಳತೆ. ಆದರೆ ದೊಡ್ಡ ಚಪ್ಪಲಿಯ ಅಳತೆ ಹಿಡಿದು ನೋಡಿದರೆ ಸಣ್ಣ ಕಾಲು ಸೊರಗಿದಂತೆ ಕಾಣುತ್ತದೆ. ನಿಮ್ಹಾನ್ಸ್‌ನವರೂ ವಯಸ್ಸಿಗೆ ತಕ್ಕಂತೆ ಭಾರತೀಯ ಮಾದರಿಗಳನ್ನು ಮಾಡಿದ್ದಾರೆ.

ಇದಕ್ಕಿಂತ ದೊಡ್ಡ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಮಾವಿನ ಹಣ್ಣಿಗೆ ಹೆಸರಾದ ಊರು, ಆಂಧ್ರದ ಗಡಿ, ಕನ್ನಡ-ತೆಲುಗು ಎರಡೂ ಆಡುವ ಜನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ 2018ರಲ್ಲಿ ಇದನ್ನು ಆರಂಭಿಸಿತು. ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು, ರಕ್ತ, ನೆನಪು, ಎಂ.ಆರ್.ಐ. ಎಲ್ಲವನ್ನೂ ಮತ್ತೆ ಮತ್ತೆ ನೋಡುತ್ತಾ ವರ್ಷಗಟ್ಟಲೆ ಹಿಂಬಾಲಿಸುವ ಯೋಜನೆ. ಹೊಲದಲ್ಲಿ ದುಡಿದ, ಓದು ಕಡಿಮೆಯಿರುವ, ಎರಡು ಭಾಷೆಯ ಹಳ್ಳಿಗನ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ನಮ್ಮದೇ ಲೆಕ್ಕ ಸಿಗುವುದು ಇಂಥ ಕಡೆಯಿಂದ. ಮುಂದೊಂದು ದಿನ ಸೋಮನೂರಿನ ನೇಕಾರನ ಫಿಲ್ಮನ್ನು ಶ್ರೀನಿವಾಸಪುರದ ರೈತನ ಫಿಲ್ಮಿನೊಂದಿಗೆ ಹೋಲಿಸಿ ಓದುವಂತಾದರೆ ಅದು ನ್ಯಾಯ.

ಈಗ ನಮಗೆ ನೇರವಾಗಿ ತಟ್ಟುವ ವಿಷಯ. ಮರೆವಿನ ಕಾಯಿಲೆ ನಿರ್ಧಾರವಾಗುವುದು ಸ್ಕ್ಯಾನ್ ಒಂದರಿಂದಲ್ಲ. ಪ್ರಶ್ನೆ ಕೇಳಿ, ಚಿತ್ರ ತೋರಿಸಿ, ಪದ ನೆನಪಿಟ್ಟು ಹೇಳಿಸಿ ಮಾಡುವ ಪರೀಕ್ಷೆಗೆ ಅಷ್ಟೇ ತೂಕವಿದೆ. ಆ ಪರೀಕ್ಷೆ ಯಾವ ಭಾಷೆಯಲ್ಲಿ? ನಮ್ಮ ಬೀದಿಯ ಎಂಬತ್ತರ ಅಜ್ಜಿಯೊಬ್ಬರ ಜೊತೆ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪರೀಕ್ಷೆ ಮಾಡಿದ ಹುಡುಗಿ ಒಳ್ಳೆಯವಳು, 'ಪಾಟ್ಟಿ' ಎಂದು ಪ್ರೀತಿಯಿಂದಲೇ ಮಾತಾಡಿಸಿದಳು. ಬಾಚಣಿಗೆಯ ಚಿತ್ರ ತೋರಿಸಿದಾಗ ಅಜ್ಜಿ 'ಹಣಿಗೆ' ಎಂದರು. ಹುಡುಗಿ 'ಸೀಪ್ಪು' ಎಂಬ ಉತ್ತರಕ್ಕೆ ಕಾಯುತ್ತಿದ್ದಳು, ತಪ್ಪು ಗುರುತು ಹಾಕಿದಳು. ನೇಯ್ಗೆ ಮನೆಯ ಹೆಂಗಸಿಗೆ ತಲೆ ಬಾಚುವುದೂ ಹಣಿಗೆ, ಮಗ್ಗದಲ್ಲಿ ನೂಲು ಹಾಯುವುದೂ ಹಣಿಗೆ. ಅದಕ್ಕಿಂತ ಸರಿಯಾದ ಉತ್ತರ ಎಲ್ಲಿದೆ? ನಾನು ಹೇಳಿದ ಮೇಲೆ ಆ ಹುಡುಗಿ ತಿದ್ದಿಕೊಂಡಳು. ಆಮೇಲೆ ಐದು ಪದ ಹೇಳಿ ನೆನಪಿಡಲು ಕೇಳಿದಾಗ ಅದೇ ಐದನ್ನು ಕನ್ನಡದಲ್ಲಿ ಹೇಳಲು ನನಗೆ ಅವಕಾಶ ಕೊಟ್ಟಳು. ತಮಿಳಿನಲ್ಲಿ ಒಂದು ಹೇಳಿದ್ದ ಅಜ್ಜಿ ಕನ್ನಡದಲ್ಲಿ ಮೂರು ಹೇಳಿದರು. ಎರಡನೇ ಸಲ ಕೇಳಿದ್ದರಿಂದಲೂ ಸ್ವಲ್ಪ ಹೆಚ್ಚಾಗಿರಬಹುದು, ಇಲ್ಲವೆನ್ನುವುದಿಲ್ಲ. ಕಾಯಿಲೆ ಇರುವುದು ನಿಜವೇ ಆಗಿತ್ತು. ಆದರೆ ಯಾವ ಹಂತ ಎಂಬುದು ಬದಲಾಯಿತು. ಮನೆಯವರು ಅಜ್ಜಿಯ ಹತ್ತಿರ ಮಾತಾಡುವ ರೀತಿಯೂ ಬದಲಾಯಿತು. ಅದಕ್ಕೆ ಮೊದಲು ಅವರಿಗೆ ಏನೂ ತಿಳಿಯದು ಎಂದು ಅವರೆದುರಿಗೇ ಅವರ ವಿಷಯ ಮಾತಾಡುತ್ತಿದ್ದರು.

ಕನ್ನಡದಲ್ಲಿ ಪರೀಕ್ಷೆಯೇ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಸಿದ್ಧಪಡಿಸಿದ ಬುದ್ಧಿ ಪರೀಕ್ಷೆಗಳ ಪೆಟ್ಟಿಗೆ ಕನ್ನಡದಲ್ಲೂ ಇದೆ. ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಅದನ್ನು ಪರೀಕ್ಷಿಸಿ ಒಪ್ಪಿದ್ದಾರೆ. ಗಡಿಯಾಚೆ ಇರುವವರಿಗೂ ಅದನ್ನು ಬಳಸಿ ಎಂದು ಕೇಳುವವರು ಬೇಕು. ಹೊಸೂರಿನವರಿಗೆ ಬೆಂಗಳೂರು ಹತ್ತಿರ, ಕಾಸರಗೋಡಿನವರಿಗೆ ಮಂಗಳೂರು ಹತ್ತಿರ. ಕಷ್ಟ ಇರುವುದು ನಮಗೆ, ತಾಳವಾಡಿ, ಗೂಡಲೂರು ಕಡೆಯವರಿಗೆ. ಹೋಗುವಾಗ ಹಿರಿಯರ ಜೊತೆ ಮನೆಯ ಕನ್ನಡ ಬಲ್ಲ ಒಬ್ಬರು ಹೋಗಬೇಕು. ಬರೀ ಇಂಗ್ಲಿಷ್ ಬಲ್ಲ ಮೊಮ್ಮಗ ಸಾಲದು. ಅವನಿಗೆ ಹಣಿಗೆ ಗೊತ್ತಿರುವುದಿಲ್ಲ.

ಔಷಧಿಯ ಬಗ್ಗೆ ಎರಡೇ ಮಾತು. ಅಮಿಲಾಯ್ಡ್ ತೆಗೆಯುವ ಲೆಕಾನೆಮಾಬ್‌ಗೆ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆರಂಭದ ಹಂತದವರಲ್ಲಿ ಇಳಿತವನ್ನು ಸ್ವಲ್ಪ ನಿಧಾನಿಸುತ್ತವೆ, ಹೋದ ನೆನಪು ತರುವುದಿಲ್ಲ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂ.ಆರ್.ಐ. ಬೇಕು. ಖರ್ಚು ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದ್ದಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕ ರಕ್ತ ಪರೀಕ್ಷೆಯೊಂದಕ್ಕೂ ಒಪ್ಪಿಗೆ ಕೊಟ್ಟಿದೆ. ನಿಜವಾಗಿ ಇದರ ಮೇಲೆ ನನಗೆ ಹೆಚ್ಚು ಆಸೆ, ಏಕೆಂದರೆ ರಕ್ತ ತೆಗೆಯುವುದು ಎಲ್ಲ ಊರಲ್ಲೂ ಆಗುತ್ತದೆ.

ಆದರೆ ನಮ್ಮ ಊರುಗಳಲ್ಲಿ ಇಂದೇ ಮಾಡಬಹುದಾದದ್ದು ಬೇರೆ ಇದೆ. 2024ರ ಲ್ಯಾನ್ಸೆಟ್ ಆಯೋಗ 14 ಕಾರಣಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿ.ಪಿ., ಸಕ್ಕರೆ, ಬೀಡಿ, ಕುಡಿತ ಎಲ್ಲರಿಗೂ ಗೊತ್ತು. ಪಟ್ಟಿಯ ಮೇಲುಭಾಗದಲ್ಲಿರುವ ಒಂದು ಕಾರಣವನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅದು ಕಿವುಡು. ಪವರ್‌ಲೂಮ್ ಷೆಡ್ಡಿನ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ಹದಿನಾರಕ್ಕೆ ಷೆಡ್ಡಿಗೆ ಹೋದವನಿಗೆ ಐವತ್ತರಲ್ಲಿ ಕಿವಿ ಮಂದ. ಕಿವಿ ಮಂದವಾದವನು ಮಾತು ಕಡಿಮೆ ಮಾಡುತ್ತಾನೆ, ಮದುವೆ ಮನೆಯಲ್ಲಿ ಮೂಲೆ ಹಿಡಿಯುತ್ತಾನೆ. ಮೆದುಳಿಗೆ ಬರುವ ಮಾತೇ ನಿಂತುಹೋಗುತ್ತದೆ. ಅಂಥವರ ಪೈಕಿ ಕಿವಿಯಂತ್ರ ಹಾಕಿಕೊಳ್ಳಲು ನಾಚುವವರೇ ಹೆಚ್ಚು. ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೇಕೆ ಎಂಬುದು ನನಗೆ ಅರ್ಥವಾಗಿಲ್ಲ. ಷೆಡ್ಡಿನಲ್ಲಿ ಕಿವಿಗೆ ಹತ್ತಿಯಲ್ಲ, ಸರಿಯಾದ ಮುಚ್ಚಳ ಬೇಕು. ಅದನ್ನು ಕೊಡಬೇಕಾದವರು ಮಾಲೀಕರು. ನಮ್ಮ ಸದಸ್ಯರಲ್ಲೇ ಷೆಡ್ಡಿನ ಮಾಲೀಕರಿದ್ದಾರೆ, ಅವರೂ ಇದನ್ನು ಓದುತ್ತಿದ್ದಾರೆ ಎಂದು ನಂಬಿದ್ದೇನೆ.

ಬಿ.ಪಿ., ಸಕ್ಕರೆಗೆ ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯವರು ಮನೆಗೇ ಬರುತ್ತಾರೆ. 2021ರ ಆಗಸ್ಟ್‌ನಲ್ಲಿ ಅದು ಶುರುವಾದದ್ದೇ ನಮ್ಮ ಗಡಿ ಜಿಲ್ಲೆ ಕೃಷ್ಣಗಿರಿಯಲ್ಲಿ. ಬಂದಾಗ ಬಾಗಿಲು ಹಾಕಿಕೊಳ್ಳಬೇಡಿ, ಮಾತ್ರೆ ನಿಲ್ಲಿಸಬೇಡಿ. ನೋಡಿಕೊಳ್ಳುವ ಸೊಸೆ, ಮಗಳು ದಣಿದಿದ್ದರೆ 14416ಕ್ಕೆ ಕರೆ ಮಾಡಬಹುದು. ಇದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಕಾರ್ಯಕಾರಿ ಸಮಿತಿ ಈ ಬಗ್ಗೆ ಎರಡು ತೀರ್ಮಾನ ಮಾಡಿದೆ. ಮುಂದಿನ ತಿಂಗಳ ಸಭೆಯ ದಿನ ಬೆಳಿಗ್ಗೆ ಹಿರಿಯರಿಗೆ ಕಿವಿ ಮತ್ತು ಬಿ.ಪಿ. ತಪಾಸಣೆ ಇಡುವುದು ಒಂದು. ಆಸ್ಪತ್ರೆಗೆ ಹೋಗುವ ಹಿರಿಯರ ಜೊತೆ ಕನ್ನಡ ಹೇಳಿಕೊಡಲು ಬರುವವರ ಪಟ್ಟಿ ಮಾಡುವುದು ಇನ್ನೊಂದು. ಪಟ್ಟಿಗೆ ಬೇಕಾದವರು ತಮಿಳು, ಕನ್ನಡ ಎರಡೂ ಬಲ್ಲವರು, ಹಗಲು ಹೊತ್ತು ಬಿಡುವಿರುವವರು, ಕೈಮಗ್ಗದ ಕಾಲದ ಮಾತು ತಿಳಿದವರು. ನಿವೃತ್ತರು ಮುಂದೆ ಬಂದರೆ ಒಳ್ಳೆಯದು. ಬಸ್ ಚಾರ್ಜನ್ನು ಸಂಘ ಕೊಡುತ್ತದೆ, ಟಿಕೆಟ್ ಇಟ್ಟುಕೊಂಡು ತರಬೇಕು. ಇದುವರೆಗೆ ಆರು ಮಂದಿ ಹೆಸರು ಕೊಟ್ಟಿದ್ದಾರೆ, ನಾಲ್ವರು ಸೋಮನೂರಿನವರು, ಇಬ್ಬರು ಇಲ್ಲಿಯವರು. ಪಲ್ಲಡಂ ಮತ್ತು ತಾಳವಾಡಿ ಕಡೆಯಿಂದ ಇನ್ನೂ ಯಾರ ಹೆಸರೂ ಬಂದಿಲ್ಲ.

— ಕಾರ್ಯದರ್ಶಿ, ಕರುಮತ್ತಂಪಟ್ಟಿ